ಕುಮಟಗಿಗೆ ನೀರು ಬಿಡಿ

ಗೋಡೆಯ ಮೇಲೆ ಇಬ್ಬರು ಪೈಲವಾನರು ಹಿಡಿದಾಡುತ್ತಿದ್ದಾರೆ. ಒಬ್ಬನ ಕೈ ಇನ್ನೊಬ್ಬನ ಮೈಮೇಲೆ. ಯಾರು ಗೆದ್ದರು, ಯಾರು ಬಿದ್ದರು ಎಂಬುದು ಮೂರು ನೂರು ವರ್ಷ ಕಳೆದರೂ ತೀರ್ಮಾನವಾಗಿಲ್ಲ. ಇನ್ನು ಆಗುವುದೂ ಇಲ್ಲ. ಯಾರೋ ಒಬ್ಬ ಮೊಳೆ ಹಿಡಿದು ಅವರ ನಡುವೆ ತನ್ನ ಹೆಸರು ಕೊರೆದಿದ್ದಾನೆ. ಪಕ್ಕದಲ್ಲಿ ಒಂದು ಹುಡುಗಿಯ ಹೆಸರು, ನಡುವೆ ಹೃದಯ, ಹೃದಯಕ್ಕೊಂದು ಬಾಣ. ಆ ಪ್ರೀತಿ ಮದುವೆಯಾಯಿತೋ ಮುರಿದುಬಿತ್ತೋ ಗೊತ್ತಿಲ್ಲ. ಬಾಣ ಮಾತ್ರ ಪೈಲವಾನನ ಎದೆಗೇ ನಟ್ಟಿದೆ.

ನಾನು ಹುನ್ನೂರಿನವನು. ನಮ್ಮ ಕಡೆ ಗರಡಿಮನಿಯ ಕೆಂಪು ಮಣ್ಣು ಮೈಗೆ ಹತ್ತದ ಹುಡುಗರು ಕಡಿಮೆ. ಜಾತ್ರೆಯೆಂದರೆ ಕುಸ್ತಿ, ಕುಸ್ತಿಯೆಂದರೆ ಜಾತ್ರೆ. ಸುಲ್ತಾನರ ಅರಮನೆಯ ಗೋಡೆಯ ಮೇಲೆ ನಮ್ಮಂಥವರ ಚಿತ್ರ ಇದೆ ಎಂದು ಯಾರೋ ಹೇಳಿದ್ದಕ್ಕೇ ಗಾಡಿ ಹತ್ತಿದ್ದೆ. ಜಮಖಂಡಿ ದಾಟಿ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆ ದಾಟಿ, ಬಬಲೇಶ್ವರದ ಮೇಲೆ ಹಾಯ್ದು ವಿಜಯಪುರ. ಅಲ್ಲಿಂದ ಸಿಂದಗಿ ದಾರಿ ಹಿಡಿದು ಪೂರ್ವಕ್ಕೆ ಹದಿನೆಂಟು ಕಿಲೋಮೀಟರಿನಷ್ಟು ಹೋದರೆ ಕುಮಟಗಿ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅದು ನಾಲ್ಕು ಪಾಳು ಕಮಾನು, ಒಂದು ಒಣ ಹೊಂಡ. ತಿಳಿದು ನೋಡಿದವರಿಗೆ ಅದು ಆದಿಲ್‌ಶಾಹಿಗಳು ಕೆರೆಯ ದಂಡೆಯಲ್ಲಿ ಬೇಸಿಗೆಯ ಮೋಜಿಗೆಂದು ಕಟ್ಟಿಸಿದ ನೀರಾಟದ ತಾಣ. ಇಂದಿನ ಬಾಯಿಮಾತಿನಲ್ಲಿ ಹೇಳುವುದಾದರೆ ವಾಟರ್ ಪಾರ್ಕು. ಸಮುದ್ರವಿಲ್ಲದ ಬಯಲುಸೀಮೆಯಲ್ಲಿ, ಎರೆಹೊಲದ ನಡುವೆ, ಮೋಟಾರು ಎಂಬುದೇ ಹುಟ್ಟದ ಕಾಲದಲ್ಲಿ.

ಅದು ನಡೆಯುತ್ತಿದ್ದ ಬಗೆ ತಿಳಿದರೆ ಸಿಟ್ಟು ಇನ್ನೂ ಏರುತ್ತದೆ. ಚೌಕಾಕಾರದ ಹೊಂಡ, ಅದರ ನಡುವೆ ಎರಡಂತಸ್ತಿನ ಪುಟ್ಟ ಮಂಟಪ, ದಂಡೆಯಿಂದ ಅಲ್ಲಿಗೆ ಹೋಗಲು ಕಮಾನಿನ ಸೇತುವೆ. ಕೆರೆಯ ನೀರನ್ನು ತಂದು, ಹೂಳು ತಗ್ಗಿಸಿ, ಎತ್ತರದ ನೀರುಗೋಪುರಕ್ಕೆ ಏರಿಸುತ್ತಿದ್ದರು. ವಿಜಯಪುರದಲ್ಲಿ ಇಂಥ ಗೋಪುರಕ್ಕೆ ಗಂಜ್ ಎನ್ನುತ್ತಾರೆ. ಅಷ್ಟು ಎತ್ತರದಿಂದ ಇಳಿದ ನೀರು ಕೊಳವೆಯೊಳಗೆ ಒತ್ತಡ ಹೊತ್ತು ಓಡಿ, ಮಂಟಪದ ಸುತ್ತ ಕಾರಂಜಿಯಾಗಿ ಚಿಮ್ಮುತ್ತಿತ್ತು. ಕೆಳಗಿನ ಕೋಣೆಯ ಛಾವಣಿಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ಅವುಗಳಿಂದ ಜಡಿಮಳೆಯಂತೆ ನೀರು ಸುರಿಯುತ್ತಿತ್ತು. ಹೊರಗೆ ವೈಶಾಖದ ಬಿಸಿಲು, ಒಳಗೆ ಶ್ರಾವಣ. ಗೋಪುರ ಎಷ್ಟು ಎತ್ತರ ಇದ್ದರೆ ನೀರು ಎಷ್ಟು ಎತ್ತರ ಚಿಮ್ಮೀತು, ತೂತು ಎಷ್ಟು ಸಣ್ಣದಿದ್ದರೆ ಹನಿ ಎಷ್ಟು ತೆಳುವಾದೀತು ಎಂಬ ಲೆಕ್ಕವೆಲ್ಲ ಬರೀ ಕಲ್ಲು, ಗಚ್ಚು, ಕೊಳವೆಗಳಲ್ಲಿ ಮುಗಿದಿದೆ.

ಇಲ್ಲಿ ನನ್ನ ಗೆಳೆಯನೊಬ್ಬ ತಡೆಯುತ್ತಾನೆ. ಹಳೆಯ ಹೋರಾಟಗಾರ. ‘ಏನಪಾ, ಸುಲ್ತಾನ ಮೈ ತೊಳಕೊಂಡ ಬಚ್ಚಲಕ್ಕ ನೀ ಅಳಾಕ ಹತ್ತೀಯಲ್ಲ? ಊರಾಗ ಬಾಯಿಗೆ ನೀರಿಲ್ಲ’ ಅಂದ. ಕೇಳಬೇಕಾದ ಮಾತೇ. ಆದರೆ ಸುಲ್ತಾನ ನೀರು ಎತ್ತಲಿಲ್ಲ. ನೀರು ತಾನಾಗಿ ಗೋಪುರ ಏರುವುದಿಲ್ಲ. ಎತ್ತಿನ ಹೆಗಲೋ ಮನುಷ್ಯನ ರಟ್ಟೆಯೋ ಏರಿಸಿದರೆ ಮಾತ್ರ ಏರುತ್ತದೆ. ಮೇಲೆ ಒಬ್ಬನ ತಲೆಯ ಮೇಲೆ ಒಂದು ಗಳಿಗೆ ತುಂತುರು ಬೀಳಬೇಕೆಂದರೆ ಕೆಳಗೆ ಎಷ್ಟು ಜನರ ಬೆವರು ಬಿದ್ದಿರಬೇಕು! ಆ ಜನರ ಹೆಸರು ಯಾವ ಶಾಸನದಲ್ಲೂ ಇಲ್ಲ. ಕಲ್ಲು ಕಡಿದವರು, ಒಡ್ಡಿಗೆ ಮಣ್ಣು ಹೊತ್ತವರು, ಗಚ್ಚು ಅರೆದ ಹೆಂಗಸರು, ತೂತಿನ ಲೆಕ್ಕ ಹಾಕಿದ ಮೇಸ್ತ್ರಿ, ಇವರೆಲ್ಲ ಬಿಟ್ಟುಹೋದ ಸಹಿ ಇದೊಂದೇ. ನಾವು ಕೆರೆದು ಅಳಿಸುತ್ತಿರುವುದು ಸುಲ್ತಾನನ ಹೆಸರನ್ನಲ್ಲ. ಅವನ ಹೆಸರು ಪಠ್ಯಪುಸ್ತಕದಲ್ಲಿ ಭದ್ರವಾಗಿದೆ. ಅಳಿಯುತ್ತಿರುವುದು ನಮ್ಮವರ ಕೈಯ ಗುರುತು.

ಆ ಗೋಡೆಯ ಚಿತ್ರಗಳನ್ನೇ ನೋಡಿ. ಕುದುರೆ ಏರಿ ಚೆಂಡಾಟ ಆಡುವವರು, ಸಂಗೀತಗಾರರು, ಪರದೇಶದ ಉಡುಪಿನಲ್ಲಿ ಬಂದ ಯುರೋಪಿನ ಅತಿಥಿಗಳು, ನಮ್ಮ ಪೈಲವಾನರು. ಯುದ್ಧದ ಚಿತ್ರ, ಕಪ್ಪಕಾಣಿಕೆಯ ಚಿತ್ರಕ್ಕಿಂತ ಆಟಪಾಟದ ಚಿತ್ರವೇ ಮನಸ್ಸಿನಲ್ಲಿ ಉಳಿಯುತ್ತದೆ. ದಖ್ಖನಿನಲ್ಲಿ ಆ ಕಾಲದ ಗೋಡೆಚಿತ್ರ ಉಳಿದಿರುವ ಜಾಗಗಳು ಬೆರಳೆಣಿಕೆಯಷ್ಟು. ಹೆನ್ರಿ ಕೌಸೆನ್ಸ್ ಎಂಬ ಬ್ರಿಟಿಷ್ ಪುರಾತತ್ವ ಅಧಿಕಾರಿ ವಿಜಯಪುರದ ಕಟ್ಟಡಗಳ ಬಗ್ಗೆ 1916ರಲ್ಲಿ ಪ್ರಕಟಿಸಿದ ದಪ್ಪ ಪುಸ್ತಕದಲ್ಲಿ ಕುಮಟಗಿಗೂ ಜಾಗ ಕೊಟ್ಟಿದ್ದಾನೆ. ನಮ್ಮನ್ನು ಆಳಲು ಬಂದವನಿಗೆ ಕಂಡದ್ದು, ಆಳಿಕೊಳ್ಳುತ್ತಿರುವ ನಮಗೆ ಕಾಣುತ್ತಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ನಾನು ಹೋದ ದಿನ ಹೊಂಡದಲ್ಲಿ ಹನಿ ನೀರಿರಲಿಲ್ಲ. ಕುರಿಗಳಿದ್ದವು. ಮಂಟಪದ ನೆರಳಿನಲ್ಲಿ ಕಂಬಳಿ ಹಾಸಿ ಕೂತಿದ್ದ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ.

‘ಯಾವೂರು ತಮ್ಮಾ?’

‘ಹುನ್ನೂರ ಯಜ್ಜಾ, ಜಮಖಂಡಿ ಕಡೆ.’

‘ಅಷ್ಟ ದೂರದಿಂದ ಇದನ್ನ ನೋಡಾಕ ಬಂದೀ? ಏನೈತಿ ಇದರಾಗ?’

ಛಾವಣಿಯ ತೂತು ತೋರಿಸಿ, ಇಲ್ಲಿಂದ ಮಳೆ ಬೀಳುತ್ತಿತ್ತು ಎಂದೆ. ಆತ ಕತ್ತೆತ್ತಿ ಬಹಳ ಹೊತ್ತು ನೋಡಿದ. ಎಷ್ಟೋ ಮಧ್ಯಾಹ್ನ ಅದರ ಕೆಳಗೇ ಮಲಗಿ ಎದ್ದಿರಬೇಕು. ಆ ತೂತು ಯಾಕೆಂದು ಹೇಳುವ ಒಂದು ನೆಟ್ಟಗಿನ ಫಲಕ ಆತನ ಕಣ್ಣಿಗಂತೂ ಬಿದ್ದಿರಲಿಲ್ಲ. ‘ಹಂಗಾರ ಈಗ್ಯಾಕ ಬೀಳವಲ್ದು?’ ಎಂದ.

ಇಲಾಖೆಗಳ ಕಡತಗಳೆಲ್ಲ ಸೇರಿ ಉತ್ತರಿಸಬೇಕಾದ ಪ್ರಶ್ನೆ ಅದು.

ಮುಧೋಳದ ರನ್ನನ ಕಾವ್ಯದಲ್ಲಿ ದುರ್ಯೋಧನ ನೀರಿನೊಳಗೆ ಅಡಗಿದ್ದರೂ ಬೆವರುತ್ತಾನೆ. ನಾನು ನೀರಿನ ಮಹಲಿನೊಳಗೆ ನೀರಿಲ್ಲದೆ ಬೆವರಿದೆ. ಅವನದು ಭೀಮನ ಕೂಗಿಗೆ ಬಂದ ಬೆವರು. ನಮಗೆ ಹಾಗೆ ಕೂಗಿ ಕರೆಯುವವರೂ ಇಲ್ಲ.

ಕಾನೂನು ಇಲ್ಲವೇ? ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. 2010ರ ತಿದ್ದುಪಡಿಯ ಬಳಿಕ ರಕ್ಷಿತ ಸ್ಮಾರಕವನ್ನು ಕೆಡಿಸಿದವನಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ಬೇಲಿ ಬೇಡ. ಆದರೆ ಮೊಳೆ ಹಿಡಿದ ಕೈಯನ್ನು ಹಿಡಿಯಲು ಅಲ್ಲೊಬ್ಬ ಮನುಷ್ಯ ಬೇಕಲ್ಲ. ಒಂದು ಕೊಳವೆ ಒಡೆದದ್ದು ಮೊದಲ ದಿನವೇ ಯಾರ ಕಣ್ಣಿಗಾದರೂ ಬೀಳಬೇಕಲ್ಲ. ನಾಶ ಎಂದರೆ ಜೇಸಿಬಿ ಬರಬೇಕು, ಧೂಳು ಏಳಬೇಕು, ಟಿವಿಯವರು ಓಡಿ ಬರಬೇಕು ಎಂದುಕೊಂಡಿದ್ದೇವೆ. ಕುಮಟಗಿಯಲ್ಲಿ ಜೇಸಿಬಿ ಬಂದಿಲ್ಲ. ಬಂದಿದ್ದರೆ ಒಂದು ದಿನವಾದರೂ ಗದ್ದಲವಾಗುತ್ತಿತ್ತು. ಇಲ್ಲಿ ನಡೆಯುತ್ತಿರುವುದು ಸದ್ದಿಲ್ಲದ ನಾಶ. ವರ್ಷಕ್ಕೆ ಒಂದು ಚಕ್ಕೆ ಗಚ್ಚು, ಒಂದು ಮುಖ, ಒಂದು ಕುದುರೆಯ ಕಾಲು. ಇದಕ್ಕೆ ಟೆಂಡರೂ ಬೇಕಿಲ್ಲ, ಬಿಲ್ಲೂ ಬೇಕಿಲ್ಲ.

ವಿಜಯಪುರ ಎಂದರೆ ನಮಗೆ ಗೋಳಗುಮ್ಮಟ, ಇಬ್ರಾಹಿಂ ರೋಜಾ. ಬಸ್ಸಿಳಿದು, ಪಿಸುಗುಟ್ಟಿ, ಪ್ರತಿಧ್ವನಿ ಎಣಿಸಿ, ಮಿರ್ಚಿ ತಿಂದು ಮರಳುತ್ತೇವೆ. ದಖ್ಖನ್ ಸುಲ್ತಾನರ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ, ವಿಜಯಪುರವೂ ಅದರಲ್ಲಿದೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಗೋರಿಗಳಿಗೆ ಸಿಕ್ಕ ಮರ್ಯಾದೆ ನೀರಿಗೆ ಸಿಗಲಿಲ್ಲ. ಆದರೆ ಆ ನಗರದ ನಿಜವಾದ ದೊಡ್ಡತನ ಗುಮ್ಮಟಕ್ಕಿಂತ ಹೆಚ್ಚಾಗಿ ನೀರಿನಲ್ಲಿತ್ತು. ತೊರವಿಯಿಂದ ಸುರಂಗದಲ್ಲಿ ಹರಿದು ಬಂದ ನೀರು, 1651ರಲ್ಲಿ ಕಟ್ಟಿದ ಬೇಗಂ ತಾಲಾಬು, ಊರ ತುಂಬ ಗಂಜ್‌ಗಳು, ಓಣಿಗೊಂದು ಬಾವಡಿ, ಅಂದರೆ ಮೆಟ್ಟಿಲಬಾವಿ. ಮಳೆ ನಂಬಲಾಗದ ನಾಡಿನಲ್ಲಿ ಲಕ್ಷಗಟ್ಟಲೆ ಜನರ ಗಂಟಲು ತಣಿಸಿದ ಅದೇ ವಿದ್ಯೆ ಕುಮಟಗಿಯಲ್ಲಿ ಆಟಕ್ಕೆ ಇಳಿದಿದೆ, ಅಷ್ಟೆ. ನನ್ನ ಗೆಳೆಯನಿಗೆ ನಾನು ಕೊಡುವ ಉತ್ತರವೂ ಅದೇ. ಬಾಯಿಗೆ ನೀರಿಲ್ಲದ್ದಕ್ಕೂ ಕಾರಂಜಿ ನಿಂತದ್ದಕ್ಕೂ ಕಾರಣ ಒಂದೇ. ಕೆರೆಯನ್ನು ಮರೆತೆವು. ಕೆರೆ ತುಂಬಿದರೆ ಸುತ್ತಲಿನ ಬಾವಿಯೂ ತುಂಬುತ್ತದೆ, ಕೊಳವೆಬಾವಿಯೂ ಉಸಿರಾಡುತ್ತದೆ, ಕುರಿಯೂ ಕುಡಿಯುತ್ತದೆ. ಆಮೇಲೆ ಛಾವಣಿಯಿಂದ ನಾಲ್ಕು ಹನಿ ಬಿದ್ದರೆ ಯಾರ ಗಂಟೇನು ಹೋಯಿತು?

ಆಗದ ಮಾತೂ ಅಲ್ಲ. ವಿಜಯಪುರದ, 1620ರ ಸುಮಾರಿನ ತಾಜ್ ಬಾವಡಿ ನಮ್ಮ ಕಣ್ಣೆದುರೇ ಕಸದ ಗುಂಡಿಯಾಗಿತ್ತು. ಗಣಪತಿ ಬಿಡುವುದೂ ಅಲ್ಲೇ, ಹಳೆಯ ಬಟ್ಟೆ ಎಸೆಯುವುದೂ ಅಲ್ಲೇ. ಕೆಲವೇ ವರ್ಷಗಳ ಹಿಂದೆ ಅದರ ಹೂಳು ತೆಗೆದರು. ಅದರ ಜೊತೆಗೆ ಊರಿನ ಇನ್ನೂ ಹಲವು ಬಾವಡಿಗಳಿಗೆ ಮತ್ತೆ ಜೀವ ಬಂತು. ಮನಸ್ಸು ಮಾಡಿದ್ದರಿಂದ ಆಯಿತು. ಕುಮಟಗಿಯ ಮೇಲೆ ಆ ಮನಸ್ಸು ಯಾಕೆ ಬರುವುದಿಲ್ಲ? ಅಲ್ಲಿ ಮತ ಕಡಿಮೆ ಎಂದೇ? ಅಥವಾ ಕಟ್ಟಿಸಿದವನ ಹೆಸರು ಕೇಳಿದ ತಕ್ಷಣ ಕೆಲವರು ಮೂಗು ಮುರಿಯುತ್ತಾರೆ ಎಂದೇ? ಈ ಎರಡನೆಯ ಮಾತನ್ನು ಯಾರೂ ವೇದಿಕೆಯ ಮೇಲೆ ಆಡುವುದಿಲ್ಲ, ಚಹಾದಂಗಡಿಯಲ್ಲಿ ಆಡುತ್ತಾರೆ. ಅಂಥವರು ಒಮ್ಮೆ ಆ ಗಚ್ಚನ್ನು ಮುಟ್ಟಿ ನೋಡಲಿ. ಅದನ್ನು ಅರೆದ ಕೈಯ ಜಾತಿ, ಧರ್ಮ ಅದರಲ್ಲಿ ಸಿಕ್ಕರೆ ನನಗೂ ತಿಳಿಸಲಿ.

ದೂರದ ಒಂದು ಊರಿನ ಸುದ್ದಿ ಹೇಳುತ್ತೇನೆ. ಇಂಗ್ಲೆಂಡಿನ ಕಡಲ ದಂಡೆಯಲ್ಲಿ ಮಾರ್ಗೇಟ್ ಎಂಬ ಊರಿದೆ. ಅಲ್ಲಿ ಡ್ರೀಮ್‌ಲ್ಯಾಂಡ್ ಎಂಬ ಹಳೆಯ ಮೋಜಿನ ಬಯಲು. ಅದರ ಹೆಮ್ಮೆ 1920ರಲ್ಲಿ ಕಟ್ಟಿಗೆಯಿಂದ ಕಟ್ಟಿದ ಏರಿಳಿತದ ಆಟದ ರೈಲು. ವ್ಯಾಪಾರ ಬಿತ್ತು, ಬಯಲಿಗೆ ಬೀಗ ಬಿತ್ತು, ಅಲ್ಲಿ ಅಂಗಡಿ, ಮನೆ ಏಳಿಸುವ ಲೆಕ್ಕಾಚಾರ ನಡೆಯಿತು. 2008ರಲ್ಲಿ ಆ ರೈಲಿನ ಹಳಿಗೆ ಬೆಂಕಿಯೂ ಬಿತ್ತು. ಜನ ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಸಹಿ ಕೂಡಿಸಿದರು, ಸಭೆ ಮಾಡಿದರು, ಬಡಿದಾಡಿದರು. ಕೊನೆಗೆ ಅಲ್ಲಿನ ಸ್ಥಳೀಯ ಆಡಳಿತವೇ ಆ ಜಾಗವನ್ನು ಮಾಲೀಕರಿಂದ ಕಡ್ಡಾಯವಾಗಿ ಕೊಂಡಿತು. 2015ರಲ್ಲಿ ಬಾಗಿಲು ತೆರೆಯಿತು, ಸುಟ್ಟ ರೈಲು ಮತ್ತೆ ಓಡಿತು. ಆಗಿನ್ನೂ ಅದಕ್ಕೆ ನೂರು ತುಂಬಿರಲಿಲ್ಲ. ಮಾಡಿದ್ದೆಲ್ಲ ಒಂದು ಆಟದ ರೈಲಿಗಾಗಿ! ‘ಮಕ್ಕಳಾಟ’ ಎಂದು ನಗುವವರು ಅಲ್ಲೂ ಇದ್ದಿರಬೇಕು. ಜನ ನಕ್ಕ ಜಾಗ, ಜನ ಸೇರಿದ ಜಾಗ ಉಳಿಯಬೇಕು ಎನ್ನುವುದು ಅವರಿಗೆ ಸಣ್ಣ ಮಾತಾಗಿ ಕಾಣಲಿಲ್ಲ. ನಾವಾದರೋ ಪ್ಲಾಸ್ಟಿಕ್ ಜಾರುಬಂಡಿಯ ವಾಟರ್ ಪಾರ್ಕಿಗೆ ತಲೆಗಿಷ್ಟೆಂದು ರೊಕ್ಕ ಕೊಟ್ಟು ಮಕ್ಕಳನ್ನು ಕರೆದೊಯ್ಯುತ್ತೇವೆ. ಬೇಡವೆನ್ನುವುದಿಲ್ಲ. ನನ್ನ ಮಗನೂ ಹಟ ಮಾಡಿ ಹೋಗಿಬಂದಿದ್ದಾನೆ. ಆದರೆ ಇದನ್ನೆಲ್ಲ ನಮ್ಮ ಮುತ್ತಜ್ಜಂದಿರು ಕಲ್ಲಿನಲ್ಲೇ ಮಾಡಿ ತೋರಿಸಿದ್ದರು ಎಂದು ಅವನಿಗೆ ಹೇಳಿದರೆ, ತೋರಿಸು ಎನ್ನುತ್ತಾನೆ. ಏನು ತೋರಿಸಲಿ? ಒಣ ಹೊಂಡವನ್ನೋ?

ಸರ್ಕಾರ ಮಾಡುವುದಿಲ್ಲ ಎಂದು ಕೈಕಟ್ಟಿ ಕೂರುವ ನೆಲ ನಮ್ಮದಲ್ಲ. ನಾನು ಅಂದು ದಾಟಿ ಹೋದ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಏನಾಯಿತು? ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಮೈಮುರಿದು ದುಡಿದು, ಹೊಳೆಗೆ ಅಡ್ಡ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಬೆವರಹನಿಯ ಸಮುದ್ರ! ಕಡಲಿಲ್ಲದ ನಾಡಿನವರು ತಮ್ಮ ಕಡಲನ್ನು ತಾವೇ ಮಾಡಿಕೊಂಡರು. ಅವರನ್ನು ಮುನ್ನಡೆಸಿದವನಿಗೆ ಜನ ‘ಬ್ಯಾರೇಜ್ ಸಿದ್ದು’ ಎಂದೇ ಹೆಸರು ಕೊಟ್ಟರು. ಹೊಳೆಯನ್ನೇ ನಿಲ್ಲಿಸಿದ ಜನಕ್ಕೆ ಒಂದು ಕೆರೆಯ ಹೂಳು ಎತ್ತುವುದು ಯಾವ ಲೆಕ್ಕ?

ಕಲ್ಲಿಗೆ ಮಾತ್ರ ನಾವು ಕೈಹಾಕಬಾರದು. ಉತ್ಸಾಹದಲ್ಲಿ ಸಿಮೆಂಟು ಮೆತ್ತಿ, ಬಣ್ಣ ಬಳಿದು ಕೆಡಿಸಿದ ಗುಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಳೆಯ ಗಚ್ಚಿನ ಮೇಲೆ ಸಿಮೆಂಟು ಬಿದ್ದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗಚ್ಚೇ ಉಬ್ಬಿ ಉದುರುತ್ತದೆ. ಆ ಕೆಲಸ ಬಲ್ಲವರಿಗೇ ಇರಲಿ. ಆದರೆ ಕೇಳುವುದು ನಮ್ಮ ಕೆಲಸ. ಉಳಿದ ಚಿತ್ರಗಳನ್ನು ಈ ವರ್ಷವೇ, ಇನ್ನೊಂದು ಮಳೆಗಾಲ ಬರುವ ಮೊದಲೇ, ಇಂಚಿಂಚಾಗಿ ಫೋಟೋ ಹಿಡಿದು ದಾಖಲಿಸಿ. ಬಣ್ಣ ಉದುರದಂತೆ ಭದ್ರಪಡಿಸಿ. ಹಗಲಿಗೊಬ್ಬ, ರಾತ್ರಿಗೊಬ್ಬ ಕಾವಲುಗಾರನನ್ನು ಅದೇ ಊರಿನಿಂದ ಆರಿಸಿ, ಸರಿಯಾದ ಪಗಾರ ಕೊಡಿ. ಕನ್ನಡದಲ್ಲಿ, ಕುರಿ ಕಾಯುವವನಿಗೂ ತಿಳಿಯುವ ಕನ್ನಡದಲ್ಲಿ, ಆ ತೂತು ಯಾಕಿದೆ ಎಂದು ಬರೆದು ನಿಲ್ಲಿಸಿ. ಕೆರೆಗೆ ನೀರು ತನ್ನಿ. ಕೊನೆಗೆ, ಬಲ್ಲವರು ಆಗಬಹುದು ಎಂದರೆ, ವರ್ಷದಲ್ಲಿ ಒಂದೇ ಒಂದು ದಿನ ಆ ಕೊಳವೆಗಳಲ್ಲಿ ನೀರು ಹಾಯಿಸಿ. ಹಳೆಯ ಕೊಳವೆ ತಾಳದೆಂದರೆ ಪಕ್ಕದಲ್ಲಿ ಅದರ ಮಾದರಿಯೊಂದನ್ನು ಕಟ್ಟಿ ಅದರಲ್ಲೇ ಹಾಯಿಸಿ. ಅಂದು ಟಿಕೆಟು ಬೇಡ, ಗಣ್ಯರ ಕುರ್ಚಿಯೂ ಬೇಡ. ನೀರು ಎತ್ತಿದವರ ಮೊಮ್ಮಕ್ಕಳು ಮೊದಲು ಒಳಗೆ ಹೋಗಲಿ.

ನಾವು ಹುನ್ನೂರಿನ ಹತ್ತು ಮಂದಿ ಮಾತಾಡಿಕೊಂಡಿದ್ದೇವೆ. ಅರ್ಜಿ ಬರೆದಾಗಿದೆ, ಸಹಿ ಕೂಡುತ್ತಿವೆ. ಗರಡಿಮನಿಯ ಹುಡುಗರ ಸಹಿ ಎಲ್ಲರಿಗಿಂತ ಮೇಲೆ. ಗೋಡೆಯ ಮೇಲಿರುವವರು ಅವರ ಕಡೆಯವರಲ್ಲವೇ? ಬೇಸಿಗೆ ಏರುವ ಮೊದಲು ಶ್ರಮಬಿಂದು ಸಾಗರದಿಂದ ಒಂದೊಂದು ಕೊಡ ನೀರು ಹೊತ್ತು ಹೋಗಿ, ಆ ಒಣ ಹೊಂಡದ ದಂಡೆಯ ಹೊರಗೆ ಇಟ್ಟು ಕೂರುತ್ತೇವೆ. ಅರ್ಜಿ ತೆಗೆದುಕೊಳ್ಳಲು ಯಾರಾದರೂ ಬರುವವರೆಗೆ ಏಳುವುದಿಲ್ಲ.

ಅಂದು ಹೊರಡುವಾಗ ಮುದುಕನಿಗೆ, ನೀರು ಬಿಡಿಸುವ ಹಂಚಿಕೆ ಹಾಕುತ್ತೇನೆ ಎಂದಿದ್ದೆ. ಆತ ನಂಬಿದಂತೆ ಕಾಣಲಿಲ್ಲ. ಕೋಲು ಊರಿ ಎದ್ದು, ಕುರಿಗಳನ್ನು ಕಮಾನಿನ ಆಚೆ ಅಟ್ಟುತ್ತ ಹಿಂದಿರುಗಿ ನೋಡಿ ಹೇಳಿದ:

‘ಬಿಡೂ ಮುಂದ ಒಂದ್ ಮಾತ ಹೇಳ ತಮ್ಮಾ. ಕಂಬಳಿ ತಗೀಬೇಕಾಕ್ಕೈತಿ.’