ಕಾಸಿಲ್ಲದೆ ಆಗುವ ಕೆಲಸಕ್ಕೆ ಕದ್ದ ಮಾಲೇಕೆ?

ಚೌಕಿಯಲ್ಲಿ ಕನ್ನಡಿಯ ಮುಂದೆ ಕುಳಿತ ಬಣ್ಣದ ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಒಂದೊಂದಾಗಿ ಮುಖಕ್ಕೆ ಇಡುತ್ತಾ ಹೋಗುವುದನ್ನು ನಮ್ಮ ಓದುಗರಲ್ಲಿ ಹಲವರು ಬಾಲ್ಯದಲ್ಲಿ ಕದ್ದು ನೋಡಿದವರೇ. ಮನುಷ್ಯನ ಮುಖ ರಾಕ್ಷಸನ ಮುಖವಾಗಲು ಮೂರು ಗಂಟೆ ಹಿಡಿಯುವುದುಂಟು. ಅದನ್ನು ಒಂದೂವರೆ ನಿಮಿಷದಲ್ಲಿ ತೋರಿಸುವ ವಿದ್ಯೆ ಈಗ ನಮ್ಮ ಯುವಕರ ಕೈಗೆ ಬಂದಿದೆ. ಟೈಮ್‌ಲ್ಯಾಪ್ಸ್ ಎಂದು ಅದರ ಹೆಸರು. ಅಲುಗಾಡದ ಕ್ಯಾಮರಾ 5 ಸೆಕೆಂಡಿಗೊಂದು ಚಿತ್ರ ತೆಗೆದರೆ ಮೂರು ಗಂಟೆಯಲ್ಲಿ 2,160 ಚಿತ್ರಗಳಾಗುತ್ತವೆ. ಸೆಕೆಂಡಿಗೆ 24ರಂತೆ ಓಡಿಸಿದರೆ 90 ಸೆಕೆಂಡು. ಲೆಕ್ಕ ಇಷ್ಟೇ.

ನಮ್ಮ ಪರಿಚಯದ ಯುವಕರೊಬ್ಬರು ಇಂಥದೇ ಕೆಲಸ ಮಾಡಿದ್ದರು. ವಯಸ್ಸಾದ ಕಲಾವಿದರೊಬ್ಬರನ್ನು ಒಪ್ಪಿಸಿ, ಇಡೀ ಬಣ್ಣಗಾರಿಕೆಯನ್ನು ಸೆರೆಹಿಡಿದರು. ಚಿತ್ರಗಳನ್ನು ಜೋಡಿಸಲು ಯಾರೋ ಸ್ನೇಹಿತರು ದುಬಾರಿ ತಂತ್ರಾಂಶವೊಂದರ ಕದ್ದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. ಅದರೊಂದಿಗೆ ಬಂದದ್ದು ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ಜಾತಿಯ ವೈರಸ್. 2,000ಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಒಂದೂ ಉಳಿಯಲಿಲ್ಲ. ಆ ಹಿರಿಯರು ಆ ಬಳಿಕ ಬಣ್ಣಕ್ಕೆ ಕುಳಿತಿಲ್ಲ.

ಆ ಯುವಕರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದುಡ್ಡು ಹೆಚ್ಚು ಕೊಟ್ಟಷ್ಟೂ ಕೆಲಸ ಚೆನ್ನ, ದುಡ್ಡಿಲ್ಲದಿದ್ದರೆ ಕದ್ದದ್ದೇ ಗತಿ ಎಂಬ ಭ್ರಮೆ ನಮ್ಮಲ್ಲಿ ಬಲವಾಗಿದೆ. ಟೈಮ್‌ಲ್ಯಾಪ್ಸಿನ ಮಟ್ಟಿಗಂತೂ ಈ ಮಾತು ಶುದ್ಧ ತಪ್ಪು. ಚಿತ್ರಗಳನ್ನು ಸಾಲಾಗಿ ಪೋಣಿಸುವುದು, ಅಂಚು ಕತ್ತರಿಸುವುದು, ಬೆಳಕು ಬಣ್ಣ ತಿದ್ದುವುದು, ಚೆಂಡೆಯ ದನಿ ಕೂಡಿಸುವುದು, ಹೆಸರು ಬರೆಯುವುದು: ಇಷ್ಟಕ್ಕೆ ಅಡೋಬಿ ಪ್ರೀಮಿಯರ್‌ನಂಥ ತಂತ್ರಾಂಶಕ್ಕೆ ತಿಂಗಳು ತಿಂಗಳು ಬಾಡಿಗೆ ತೆರುವ ಅಗತ್ಯವಾದರೂ ಏನು? ಬಾಡಿಗೆ ನಿಂತ ದಿನ ಕೆಲಸವೂ ನಿಲ್ಲುತ್ತದೆ.

ಕೆಡೆನ್‌ಲೈವ್, ಶಾಟ್‌ಕಟ್ ಇವೆರಡೂ ಸಂಪೂರ್ಣ ಉಚಿತ, ಯಾರೂ ಯಾರಿಗೂ ಹಂಚಬಹುದಾದ ಸ್ವತಂತ್ರ ತಂತ್ರಾಂಶಗಳು. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತವೆ. ಶಾಟ್‌ಕಟ್‌ನಲ್ಲಿ ಮೊದಲ ಚಿತ್ರವನ್ನು ತೆರೆದು 'ಇಮೇಜ್ ಸೀಕ್ವೆನ್ಸ್' ಎಂಬಲ್ಲಿ ಗುರುತು ಹಾಕಿದರೆ ಉಳಿದವು ತಾವಾಗಿ ಸಾಲುಗೂಡುತ್ತವೆ. ಹಾಗಾಗಬೇಕಾದರೆ ಚಿತ್ರಗಳ ಸಂಖ್ಯೆಗಳು ಕ್ರಮವಾಗಿರಬೇಕು. ಬಹಳಷ್ಟು ಕ್ಯಾಮರಾಗಳಲ್ಲಿ 9999 ಆದ ಮೇಲೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುವುದರಿಂದ ನಡುವೆ ಸಾಲು ಕಡಿಯುತ್ತದೆ. ಆಗ ಎಲ್ಲಕ್ಕೂ ಹೊಸ ಸಂಖ್ಯೆ ಕೊಟ್ಟುಕೊಳ್ಳಬೇಕು. ಇದನ್ನರಿಯದೆ ತಂತ್ರಾಂಶವನ್ನು ಬೈದವರನ್ನು ನಾವು ಕಂಡಿದ್ದೇವೆ.

ಬ್ಲ್ಯಾಕ್‌ಮ್ಯಾಜಿಕ್ ಕಂಪೆನಿಯ ಡಾವಿಂಚಿ ರಿಸಾಲ್ವ್ ಬಣ್ಣ ತಿದ್ದುವುದರಲ್ಲಿ ಇವೆರಡಕ್ಕಿಂತ ಮೇಲು. ಅದರ ಉಚಿತ ಆವೃತ್ತಿಯಲ್ಲೇ 3840x2160 ಅಳತೆಯ ವೀಡಿಯೋ ಸಿಗುತ್ತದೆ, ಮೈಮೇಲೆ ಕಂಪೆನಿಯ ಮುದ್ರೆ ಬೀಳುವುದಿಲ್ಲ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್ ಇಲ್ಲದ ಕಂಪ್ಯೂಟರಿಗೆ ಅದು ಹೊರಲಾರದ ಹೊರೆ. ಮಿಣುಕು ತೆಗೆಯುವ ಸೌಕರ್ಯ ಮಾತ್ರ ಕಾಸು ಕೊಡುವವರಿಗೆ. ಚಿತ್ರ ತೆಗೆಯುವಾಗಲೇ ಕ್ಯಾಮರಾದ ಬೆಳಕು, ಬಣ್ಣದ ಅಳತೆಗಳನ್ನು ಕೈಯಾರೆ ಕಟ್ಟಿಟ್ಟರೆ ಮಿಣುಕಿನ ತೊಂದರೆ ಬಹುಪಾಲು ಹುಟ್ಟುವುದೇ ಇಲ್ಲ. ಸೂರ್ಯಾಸ್ತದಂತೆ ಬೆಳಕು ಬದಲಾಗುತ್ತಲೇ ಇರುವ ದೃಶ್ಯಗಳ ಮಾತು ಬೇರೆ.

ಇನ್ನು ನಮ್ಮವರು ಮರೆಯುವ ಸಂಗತಿಯೊಂದಿದೆ. ತಂತ್ರಾಂಶ ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ಕನ್ನಡ ಬರುತ್ತದೆಯೇ? ನಮ್ಮೂರಿನ ಎಷ್ಟೋ ವೀಡಿಯೋಗಳಲ್ಲಿ ಇಂಗ್ಲಿಷ್ ಹೆಸರು ಅಂದವಾಗಿ ನಿಂತು, ಕೆಳಗೆ ನಮ್ಮ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತದೆ. ಕೊನೆಗೆ 'ಕನ್ನಡ ಬೇಡ ಬಿಡಿ' ಎನ್ನುತ್ತಾರೆ. ಕನ್ನಡದ ಬೋರ್ಡಿಗಾಗಿ, ಕನ್ನಡದ ಅರ್ಜಿ ನಮೂನೆಗಾಗಿ ಇಷ್ಟು ವರ್ಷ ಹೆಣಗಿದ ನಾವು ನಮ್ಮದೇ ಚಿತ್ರದ ಮೇಲಿನಿಂದ ಕನ್ನಡವನ್ನು ನಾವೇ ಅಳಿಸುವುದೇ? ಪರೀಕ್ಷೆ ಸುಲಭ. ಪೆರ್ಲ, ಕುಂಬ್ಳೆ, ಬದಿಯಡ್ಕ, ಮಂಜೇಶ್ವರ ಎಂದು ಯೂನಿಕೋಡಿನಲ್ಲಿ ಬರೆದು ನೋಡಿರಿ. ಅರ್ಕಾವತ್ತು, ಒತ್ತು ಎರಡೂ ತಮ್ಮ ಜಾಗದಲ್ಲಿ ನಿಂತರೆ ತಂತ್ರಾಂಶ ಪಾಸು. ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಬೇರೆಯೇ ಇರುವ ಆಯ್ಕೆಯನ್ನು ಹುಡುಕಿ ಒತ್ತಬೇಕು. ಅಕ್ಷರಕ್ಕೂ ಖರ್ಚಿಲ್ಲ, ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದವು ಉಚಿತವಾಗಿಯೇ ದೊರೆಯುತ್ತವೆ.

ತಮಾಷೆಯೆಂದರೆ ಕೆಡೆನ್‌ಲೈವ್ ನಮ್ಮ ಮನೆಗಳಿಗೆ ಹೊಸದೇ ಅಲ್ಲ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ@ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ 'ಕೈಟ್' ಆದ ಸಂಸ್ಥೆ ಸ್ವತಂತ್ರ ತಂತ್ರಾಂಶವನ್ನೇ ಬಳಸುತ್ತದೆ. ಹೈಸ್ಕೂಲಿನ ಲಿಟಲ್ ಕೈಟ್ಸ್ ಮಕ್ಕಳಿಗೆ ವೀಡಿಯೋ ಜೋಡಿಸಲು ಕಲಿಸುವುದು ಇದರಲ್ಲೇ. ಐಟಿ ಪಾಠಪುಸ್ತಕವು ಕನ್ನಡದಲ್ಲೂ ಇದೆ. 'ಅದು ಶಾಲೆಯದ್ದು, ಮಕ್ಕಳಾಟಿಕೆ' ಎಂದು ಅಣ್ಣಂದಿರು ಮೂಗು ಮುರಿಯುತ್ತಾರೆ. ಒಂಬತ್ತನೆಯ ತರಗತಿಯ ತಂಗಿಯ ಬಳಿ ಅರ್ಧ ತಾಸು ಕುಳಿತು ಕಲಿತರೆ ಅಣ್ಣನ ಗೌರವಕ್ಕೇನೂ ಕುಂದಾಗದು.

ತಂತ್ರಾಂಶದಲ್ಲಿ ಉಳಿದ ಹಣವನ್ನು ಗಟ್ಟಿ ಟ್ರೈಪಾಡಿಗೆ ಹಾಕಿರಿ. ಉಳಿದರೆ ಹಾರ್ಡ್‌ಡಿಸ್ಕಿಗೆ. ಒಂದು ಚಿತ್ರಕ್ಕೆ 5 ಎಂಬಿ ಎಂದಿಟ್ಟುಕೊಂಡರೂ ನಾವು ಹೇಳಿದ ಮೂರು ಗಂಟೆಗೆ 11 ಜಿಬಿಯ ಹತ್ತಿರ ಜಾಗ ಬೇಕು, ಅದರ ಪ್ರತಿ ಇನ್ನೊಂದೆಡೆ ಇರಬೇಕು. ನಾವು ಮೊದಲು ಹೇಳಿದ ಯುವಕರು ಈಗ ಬೇರೊಬ್ಬ ಕಲಾವಿದರ ಚೌಕಿಗೆ ಹೋಗಿಬರುತ್ತಿದ್ದಾರೆ. ಅವರ ಚೀಲದಲ್ಲಿ ಎರಡು ಹಾರ್ಡ್‌ಡಿಸ್ಕ್‌ಗಳಿರುತ್ತವೆ.