ಕಾಫಿ ನಾಡಿನಲ್ಲಿ ಬಿ.ಪಿ.

ಬಿ.ಪಿ. ನೋಡಿಸುವ ಮೊದಲು ಅರ್ಧ ಗಂಟೆ ಕಾಫಿ ಕುಡಿಯಬಾರದಂತೆ, ಐದು ನಿಮಿಷ ಮಾತಾಡದೆ ಕೂರಬೇಕಂತೆ. ಈ ನಿಯಮ ಮಾಡಿದವರು ಕೊಡಗಿಗೆ ಬಂದಿರಲಿಕ್ಕಿಲ್ಲ. ಶುಕ್ರವಾರ ಮಡಿಕೇರಿ ಸಂತೆಗೆ ಬಂದವರು ಹಾಗೇ ಡಾಕ್ಟರಿಗೂ ತೋರಿಸಿಕೊಂಡು ಹೋಗೋಣವೆಂದು ಬೆಂಚಿನಲ್ಲಿ ಕೂತರೆ, ಪಕ್ಕದವರು ಮೊದಲು ಕೇಳುವುದು ನಿಮ್ಮಲ್ಲಿ ಮಳೆ ಎಷ್ಟು ಇಂಚು, ಆಮೇಲೆ ಕಾಳುಮೆಣಸಿನ ರೇಟು, ಕೊನೆಗೆ ಆನೆ ಯಾರ ತೋಟಕ್ಕೆ ನುಗ್ಗಿತು ಅಂತ. ಇಷ್ಟೆಲ್ಲ ಕೇಳಿದ ಮೇಲೂ 120/80 ಬಂದರೆ ಯಂತ್ರವನ್ನೇ ಅನುಮಾನಿಸಬೇಕು. ‘ಬರೀ ರಿಪೋರ್ಟ್ ತೋರಿಸೋದು’ ಎನ್ನುತ್ತ ಟೋಕನ್ ಇಲ್ಲದೆ ಒಳನುಗ್ಗುವವರ ಕಾಟ ಬೇರೆ. ಆದರೂ ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತ, ‘ಪರವಾಗಿಲ್ಲ, ಅದೇ ಮಾತ್ರೆ ಮುಂದುವರಿಸಿ, ಪಂದಿಕರಿ ಸ್ವಲ್ಪ ಕಮ್ಮಿ ಮಾಡಿ’ ಎಂದರೆ ಮನಸ್ಸು ಹಗುರ. (ಮನೆಗೆ ತಲುಪುವುದು ಮಾತಿನ ಮೊದಲರ್ಧ ಮಾತ್ರ.) ರೈಲಿಲ್ಲದ ಈ ಜಿಲ್ಲೆಯಲ್ಲಿ ‘ಮೈಸೂರಿಗೆ ಹೋಗಿ ತೋರಿಸಿ’ ಅನ್ನಿಸಿಕೊಳ್ಳದೆ ಹೊರಬರುವುದೇ ದೊಡ್ಡ ಲಾಭ, ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್ ದೂರ. 2019ರಲ್ಲಿ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಕೊಡಗಿನವರು ಜಾಲತಾಣಗಳಲ್ಲಿ ದನಿಯೆತ್ತಿದ್ದಕ್ಕೆ ಇಂಥ ದೂರವೇ ಕಾರಣ. ಅಂದಹಾಗೆ, ಮುಂದಿನ ಸಲ ಹಳೆಯ ಚೀಟಿ ಮರೆಯದೆ ತನ್ನಿ. ‘ಅದೇ ಬಿಳಿ ಗುಂಡು ಮಾತ್ರೆ’ ಎಂದರೆ ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ.