ನಿಲ್ಲದ ಮೋಟಾರಿಗೆ ಒಂದು ಮಾತ್ರೆ

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಜೀವಕೋಶದ ಪಾಠ ಮಾಡುತ್ತಿದ್ದೆ. ಮಾತಿನ ನಡುವೆ ಕ್ಯಾನ್ಸರ್ ವಿಷಯ ಬಂತು. "ಅದರಲ್ಲೂ ರಕ್ತದ ಕ್ಯಾನ್ಸರ್ ಬಂತೆಂದರೆ ಮುಗಿಯಿತು ಅನ್ನಿ" ಎಂದುಬಿಟ್ಟೆ. ನನ್ನ ಪ್ರಾಯದವರು ಚಲನಚಿತ್ರಗಳಲ್ಲಿ ಕಂಡದ್ದೂ ಅದೇ, ಕಾಲೇಜಿನಲ್ಲಿ ಕೇಳಿದ್ದೂ ಅದೇ.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಬಾಗಿಲ ಬಳಿ ನಿಂತಿದ್ದಳು. "ಏನಮ್ಮಾ?" ಎಂದೆ.

"ಸಾರ್, ನಮ್ಮಪ್ಪನಿಗೆ ರಕ್ತದ ಕ್ಯಾನ್ಸರ್ ಅಂತ ಎರಡು ವರ್ಷದ ಹಿಂದೆ ಹೇಳಿದಾರೆ. ದಿನಾ ಒಂದು ಮಾತ್ರೆ ತಗೋತಿದ್ರು. ಚೆನ್ನಾಗೇ ಇದಾರೆ, ಹೊಲಕ್ಕೂ ಹೋಗ್ತಾರೆ. ವಾಸಿ ಆಯ್ತು ಅಂತ ಹದಿನೈದು ದಿನದಿಂದ ಮಾತ್ರೆ ಬಿಟ್ಟಿದಾರೆ. ನೀವು ನೋಡಿದ್ರೆ ಹೀಗಂದ್ರಿ." ಸ್ವಲ್ಪ ತಡೆದು, ತಲೆ ತಗ್ಗಿಸಿ ಕೇಳಿದಳು: "ಸಾರ್, ನಂಗೂ ಬರುತ್ತಾ?"

ನನ್ನಲ್ಲಿ ಉತ್ತರವಿರಲಿಲ್ಲ. "ಮೊದಲು ಅಪ್ಪನನ್ನು ಡಾಕ್ಟರ ಹತ್ತಿರ ಹೋಗಲು ಹೇಳು. ಉಳಿದದ್ದನ್ನು ಓದಿಕೊಂಡು ಬಂದು ಹೇಳುತ್ತೇನೆ" ಎಂದೆ. ಮನೆಗೆ ಹೋಗಿ ಓದಿದೆ, ಪರಿಚಯದ ವೈದ್ಯರೊಬ್ಬರನ್ನು ಕೇಳಿದೆ. ಆಗ ತಿಳಿದದ್ದನ್ನೇ ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ದೇಹದ ಜೀವಕೋಶ ತನ್ನಷ್ಟಕ್ಕೆ ತಾನೇ ವಿಭಜನೆಯಾಗುವುದಿಲ್ಲ. ಅದಕ್ಕೆ ಹೊರಗಿನಿಂದ ಸಂದೇಶ ಬರಬೇಕು. ಕೋಶದ ಹೊರಪೊರೆಗೆ ಮುಟ್ಟಿದ ಆ ಸಂದೇಶವನ್ನು ಒಳಗಿನ ಪ್ರೋಟೀನುಗಳು ಒಂದರಿಂದ ಒಂದಕ್ಕೆ ದಾಟಿಸುತ್ತ ಕೋಶಕೇಂದ್ರದವರೆಗೆ ಒಯ್ಯುತ್ತವೆ. ಹೀಗೆ ದಾಟಿಸುವವುಗಳಲ್ಲಿ ಕೈನೇಸ್ ಎಂಬ ಕಿಣ್ವಗಳು ಮುಖ್ಯವಾದವು. ಇವು ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ಗುಂಪನ್ನು ಕಿತ್ತು ಮುಂದಿನ ಪ್ರೋಟೀನಿಗೆ ಅಂಟಿಸುತ್ತವೆ. ಅಂಟಿದೊಡನೆ ಆ ಪ್ರೋಟೀನು ಚುರುಕಾಗುತ್ತದೆ. ಕೆಲಸ ಮುಗಿದ ಮೇಲೆ ಬೇರೆ ಕಿಣ್ವಗಳು ಬಂದು ಫಾಸ್ಫೇಟನ್ನು ತೆಗೆದುಹಾಕುತ್ತವೆ, ಕೈನೇಸೂ ಸುಮ್ಮನಾಗುತ್ತದೆ.

ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನೆನೆಸಿಕೊಳ್ಳಿ. ಹಸಿರು ಗುಂಡಿ ಒತ್ತಿದರೆ ಮೋಟಾರು ಓಡುತ್ತದೆ, ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ಹಸಿರು ಗುಂಡಿ ಒಳಗೇ ಸಿಕ್ಕಿಕೊಂಡಿತೆನ್ನಿ. ತೊಟ್ಟಿ ತುಂಬಿ ಹರಿದರೂ, ಪಕ್ಕದ ಹೊಲ ಕೆಸರಾದರೂ ಮೋಟಾರು ನಿಲ್ಲದು. ಆ ಹುಡುಗಿಯ ತಂದೆಗೆ ಬಂದಿದ್ದ ಕಾಯಿಲೆಯೂ ಇಂಥದ್ದೇ. ಅದರ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ. ವೈದ್ಯರು ಚಿಕ್ಕದಾಗಿ ಸಿಎಂಎಲ್ ಎನ್ನುತ್ತಾರೆ. ಅಸ್ಥಿಮಜ್ಜೆಯಲ್ಲಿ ಬಿಳಿಯ ರಕ್ತಕಣಗಳು ಬೇಡವೆಂದರೂ ಹುಟ್ಟುತ್ತಲೇ ಇರುತ್ತವೆ.

ಸಿಕ್ಕಿಕೊಂಡ ಗುಂಡಿ ಯಾವುದೆಂಬ ಹುಡುಕಾಟ 1960ರಲ್ಲಿ ಆರಂಭವಾಯಿತು. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಪೀಟರ್ ನೋವೆಲ್ ಎಂಬ ವಿಜ್ಞಾನಿ ಇದಕ್ಕೆ ಮೊದಲೇ ರಕ್ತಕಣಗಳ ಗಾಜಿನ ಪಟ್ಟಿಯನ್ನು ಸಾಧಾರಣ ನಲ್ಲಿ ನೀರಿನಲ್ಲಿ ತೊಳೆದಿದ್ದರು. ನೀರು ಹೀರಿಕೊಂಡ ಕೋಶಗಳು ಉಬ್ಬಿ, ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಕಂಡವು. ಅವರೂ ಡೇವಿಡ್ ಹಂಗರ್‌ಫೋರ್ಡ್ ಎಂಬ ಯುವ ಸಂಶೋಧಕರೂ ಸೇರಿ ಸಿಎಂಎಲ್ ರೋಗಿಗಳ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಒಂದು ವರ್ಣತಂತು ಮೊಟಕಾಗಿತ್ತು. ಅದಕ್ಕೆ ಊರಿನ ಹೆಸರೇ ಬಂತು: ಫಿಲಡೆಲ್ಫಿಯ ವರ್ಣತಂತು.

ಕಾಣೆಯಾದ ತುಂಡು ಎಲ್ಲಿ ಹೋಯಿತು? ಉತ್ತರ ಸಿಕ್ಕಿದ್ದು 1973ರಲ್ಲಿ. ಷಿಕಾಗೋದ ಜ್ಯಾನೆಟ್ ರೌಲಿ ಎಂಬಾಕೆ ವರ್ಣತಂತುಗಳ ಛಾಯಾಚಿತ್ರಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿ ಜೋಡಿಯಾಗಿ ಹೊಂದಿಸುತ್ತಿದ್ದರು. ಅಮ್ಮ ಕಾಗದದ ಬೊಂಬೆ ಆಡುತ್ತಿದ್ದಾಳೆಂದು ಮಕ್ಕಳು ತಮಾಷೆ ಮಾಡುತ್ತಿದ್ದರಂತೆ. ಆ ಮೇಜಿನ ಮೇಲೆಯೇ ಗುಟ್ಟು ಬಿಚ್ಚಿಕೊಂಡಿತು. 22ನೆಯ ವರ್ಣತಂತುವಿನ ತುಂಡು 9ನೆಯದಕ್ಕೂ, 9ನೆಯದರ ತುಂಡು 22ನೆಯದಕ್ಕೂ ಅದಲುಬದಲಾಗಿ ಅಂಟಿಕೊಂಡಿದ್ದವು.

ಹೀಗೆ ಅಂಟಿದ ಜಾಗದಲ್ಲಿ ಎಬಿಎಲ್ ಎಂಬ ಜೀನೂ ಬಿಸಿಆರ್ ಎಂಬ ಜೀನೂ ಸೇರಿ ಹೊಸದೊಂದು ಬೆರಕೆ ಜೀನು ಹುಟ್ಟುತ್ತದೆಂದು 1980ರ ದಶಕದಲ್ಲಿ ತಿಳಿಯಿತು. ಎಬಿಎಲ್ ತಯಾರಿಸುವುದು ಒಂದು ಕೈನೇಸನ್ನು. ಆರೋಗ್ಯವಂತರಲ್ಲಿ ಅದು ಬೇಕಾದಾಗ ದುಡಿದು ಬೇಡವಾದಾಗ ಸುಮ್ಮನಿರುತ್ತದೆ. ಬಿಸಿಆರ್ ಜತೆ ಬೆಸೆದುಕೊಂಡರೆ ಸುಮ್ಮನಾಗುವುದೇ ಇಲ್ಲ. ಸಿಕ್ಕಿಕೊಂಡ ಹಸಿರು ಗುಂಡಿ ಇದೇ. 1990ರಲ್ಲಿ ಈ ಜೀನನ್ನು ಇಲಿಗಳ ಅಸ್ಥಿಮಜ್ಜೆಗೆ ಸೇರಿಸಿ ನೋಡಿದಾಗ ಅವುಗಳಿಗೂ ಅಂಥದೇ ರೋಗ ಬಂತು.

ಹಳೆಯ ಕ್ಯಾನ್ಸರ್ ಔಷಧಿಗಳು ಏನು ಮಾಡುತ್ತಿದ್ದವು? ಒಂದು ಮೋಟಾರು ನಿಲ್ಲಿಸಲು ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತಂತೆ! ಮೋಟಾರೇನೋ ನಿಲ್ಲುತ್ತದೆ, ಆದರೆ ಊರಿಗೆ ಊರೇ ಕತ್ತಲು. ವೇಗವಾಗಿ ವಿಭಜನೆಯಾಗುವ ಎಲ್ಲ ಕೋಶಗಳಿಗೂ ಪೆಟ್ಟು ಬೀಳುವುದರಿಂದಲೇ ಕೂದಲು ಉದುರುವುದು, ವಾಂತಿಯಾಗುವುದು. ಇಂದಿಗೂ ಅನೇಕ ಕ್ಯಾನ್ಸರುಗಳಿಗೆ ಆ ಔಷಧಿಗಳು ಬೇಕೇ ಬೇಕು, ಅವುಗಳಿಂದ ಗುಣವಾದವರೂ ಬಹಳ ಮಂದಿ. ಆದರೆ ಗುಂಡಿ ಯಾವುದೆಂದು ಗೊತ್ತಿದ್ದಾಗ ಅದೊಂದನ್ನೇ ತಡೆಯಲಾಗದೆ?

ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿಯಲ್ಲಿ ನಿಕ್ ಲೈಡನ್ ಮತ್ತು ಸಂಗಡಿಗರು ಕೈನೇಸುಗಳನ್ನು ತಡೆಯುವ ಅಣುಗಳನ್ನು ತಯಾರಿಸುತ್ತಿದ್ದರು. ಅಮೆರಿಕದ ವೈದ್ಯ ಬ್ರಯನ್ ಡ್ರುಕರ್ ಅವುಗಳನ್ನು ರೋಗಿಗಳ ರಕ್ತಕಣಗಳ ಮೇಲೆ ಪರೀಕ್ಷಿಸಿದರು. ಒಂದು ಅಣು ಕೆಟ್ಟ ಕೋಶಗಳನ್ನು ಕೊಂದು, ಒಳ್ಳೆಯವನ್ನು ಬಹುಮಟ್ಟಿಗೆ ಬಿಟ್ಟಿತು. ಆ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಎಟಿಪಿ ಬಂದು ಕೂರುವ ಗುಳಿಯಲ್ಲಿ ಈ ಅಣು ತಾನು ಹೋಗಿ ಕೂರುತ್ತದೆ. ಸ್ಟಾರ್ಟರಿನ ಒಳಗೆ ಕರೆಂಟು ತಗಲುವ ಜಾಗದಲ್ಲಿ ಒಣ ಮರದ ಚಕ್ಕೆ ಸಿಕ್ಕಿಸಿದ ಹಾಗೆ. (ಇದು ಉಪಮೆ ಮಾತ್ರ, ಯಾರೂ ಸ್ಟಾರ್ಟರಿಗೆ ಕೈ ಹಾಕಬೇಡಿ!)

ಸಿಎಂಎಲ್ ರೋಗಿಗಳ ಸಂಖ್ಯೆ ಕಡಿಮೆ, ಲಾಭವೂ ಕಡಿಮೆಯಾದೀತೆಂದು ಕಂಪನಿಗೆ ಅಳುಕಿತ್ತು. ಡ್ರುಕರ್ ಪಟ್ಟು ಬಿಡಲಿಲ್ಲ. 1998ರ ಜೂನ್‌ನಲ್ಲಿ ಮೊದಲ ರೋಗಿಗೆ ಔಷಧಿ ಕೊಡಲಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸರಿಹೋಯಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಸರಕಾರ ಔಷಧಿಗೆ ಒಪ್ಪಿಗೆ ನೀಡಿತು. ಅದೇ ಇಮಾಟಿನಿಬ್. ಮುಂಚೆ ಈ ರೋಗ ಬಂದವರು ಹೆಚ್ಚಾಗಿ ನಾಲ್ಕೈದು ವರ್ಷ ಬದುಕುತ್ತಿದ್ದರು. ಮೊದಲಿನಿಂದಲೂ ಇಮಾಟಿನಿಬ್ ತೆಗೆದುಕೊಂಡವರ ದೊಡ್ಡ ಅಧ್ಯಯನವೊಂದರಲ್ಲಿ 10 ವರ್ಷದ ನಂತರವೂ ನೂರಕ್ಕೆ ಸುಮಾರು 83 ಮಂದಿ ಬದುಕಿದ್ದರು.

ಈ ಮಾತ್ರೆ ನಮ್ಮ ಬಡವರ ಕೈಗೆ ಸಿಕ್ಕಿದ್ದರ ಹಿಂದೆಯೂ ಒಂದು ಕತೆಯಿದೆ. ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಇದ್ದಾಗ, ನಮ್ಮ ದೇಶದ ತಯಾರಕರು ಅದನ್ನು ಹತ್ತು ಸಾವಿರದೊಳಗೆ ಕೊಡುತ್ತಿದ್ದರು. ಇನ್ನೊಂದು ಕಂಪನಿಯೊಡನೆ ವಿಲೀನವಾಗಿ ನೋವಾರ್ಟಿಸ್ ಆಗಿದ್ದ ಆ ಕಂಪನಿ ಔಷಧಿಯ ಒಂದು ಹರಳು ರೂಪಕ್ಕೆ ಪೇಟೆಂಟ್ ಕೇಳಿತು. 2013ರ ಏಪ್ರಿಲ್ 1ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಅದನ್ನು ನಿರಾಕರಿಸಿತು.

ಇಷ್ಟಾದ ಮೇಲೆ ಆ ಹುಡುಗಿಯ ಪ್ರಶ್ನೆಗಳಿಗೆ ಬರೋಣ. ಚೆನ್ನಾಗಿರುವಾಗ ಮಾತ್ರೆ ಏಕೆ? ಚಕ್ಕೆ ಗುಂಡಿಯನ್ನು ರಿಪೇರಿ ಮಾಡಿಲ್ಲ, ತಡೆದಿದೆ ಅಷ್ಟೆ. ರಕ್ತದಲ್ಲಿ ಸೇರಿದ ಇಮಾಟಿನಿಬ್ ಸುಮಾರು 18 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ದಿನವೂ ಹೊಸ ಚಕ್ಕೆ ಬೇಕು. ಮಜ್ಜೆಯ ಮೂಲೆಯಲ್ಲಿ ಕೆಲವು ಕೆಟ್ಟ ಕೋಶಗಳು ಉಳಿದಿರಬಹುದು. ಮಾತ್ರೆ ಬಿಟ್ಟರೆ ಅವು ಮತ್ತೆ ತಲೆ ಎತ್ತುತ್ತವೆ. ಕೆಲವರಲ್ಲಿ ಆ ಗುಳಿಯ ಆಕಾರವೇ ಬದಲಾಗಿ ಇಮಾಟಿನಿಬ್ ಕೂರದೆ ಹೋಗುವುದೂ ಉಂಟು. ಅಂಥವರಿಗಾಗಿ ಡಾಸಾಟಿನಿಬ್, ಪೊನಾಟಿನಿಬ್ ಮುಂತಾದ ಔಷಧಿಗಳು ಬಂದಿವೆ. ವರ್ಷಗಟ್ಟಲೆ ಪರೀಕ್ಷೆ ಮಾಡಿ, ರೋಗದ ಸುಳಿವು ತೀರಾ ಕಡಿಮೆಯಾಗಿದ್ದರೆ ವೈದ್ಯರೇ ಕೆಲವರಿಗೆ ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಆ ತೀರ್ಮಾನ ವೈದ್ಯರದು, ನಮ್ಮದಲ್ಲ.

ಎರಡನೆಯ ಪ್ರಶ್ನೆ: ಮಗಳಿಗೂ ಬರುತ್ತದೆಯೆ? ಈ ಅದಲುಬದಲು ಆದದ್ದು ಅಪ್ಪನ ಮಜ್ಜೆಯ ಒಂದು ಕೋಶದಲ್ಲಿ, ಅವರು ಹುಟ್ಟಿ ಬೆಳೆದ ಮೇಲೆ. ಅದು ಮಕ್ಕಳಿಗೆ ಹರಿದು ಬರುವ ಕೋಶಗಳಲ್ಲಿ ಇಲ್ಲ. ಆದ್ದರಿಂದ ಅಪ್ಪನ ಕಾಯಿಲೆ ಮಗಳಿಗೆ ಬಳುವಳಿಯಾಗಿ ಬರುವುದಿಲ್ಲ. ಜತೆಯಲ್ಲಿ ಉಂಡರೆ, ಮಲಗಿದರೆ ಅಂಟುವುದೂ ಇಲ್ಲ. ಇದನ್ನು ಹೇಳಿದಾಗ ಆ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, "ಎರಡು ವರ್ಷದಿಂದ ಯಾರನ್ನೂ ಕೇಳಿರಲಿಲ್ಲ ಸಾರ್" ಎಂದಳು. ತಂದೆ ವೈದ್ಯರ ಬಳಿ ಹೋಗಿ ಮಾತ್ರೆ ಮತ್ತೆ ಆರಂಭಿಸಿದ್ದರು.

ಹೆತ್ತವರಲ್ಲಿ ಒಂದು ವಿನಂತಿ. ಮನೆಯಲ್ಲಿ ಕಾಯಿಲೆಯಿದ್ದರೆ ಮಕ್ಕಳಿಂದ ಮುಚ್ಚಿಡಬೇಡಿ. ಅವರಿಗೆ ಹೇಗೂ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಅರ್ಧ ಸತ್ಯ ಮಾತ್ರ, ಭಯ ಬೆಳೆಯುವುದು ಅಲ್ಲಿಯೇ. ಎಲ್ಲ ಕ್ಯಾನ್ಸರಿಗೂ ಇಂಥ ಮಾತ್ರೆಯಿಲ್ಲ ಎಂಬುದೂ ನಿಜ. ಬಹುಪಾಲು ಗೆಡ್ಡೆಗಳಲ್ಲಿ ಕೆಟ್ಟಿರುವುದು ಒಂದೇ ಗುಂಡಿಯಲ್ಲ, ಹಲವು. ಆದರೆ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಈಗ ನಾನು ಆ ಪಾಠ ಮಾಡುವಾಗ "ಮುಗಿಯಿತು" ಎನ್ನುವುದಿಲ್ಲ. "ಯಾವ ಕ್ಯಾನ್ಸರ್, ಅದರಲ್ಲಿ ಯಾವ ಗುಂಡಿ?" ಎಂದು ಕೇಳಲು ಕಲಿಸುತ್ತೇನೆ.

ಈ ವಾರದ ಪ್ರಶ್ನೆ: ನಮ್ಮ ಒಂದು ಕೋಶದಲ್ಲಿ 46 ವರ್ಣತಂತುಗಳಿವೆ. ಮಗುವಿಗೆ ತಂದೆಯಿಂದ ಬರುವುದು ಎಷ್ಟು? ಅವು ಯಾವ ಕೋಶದ ಮೂಲಕ ಬರುತ್ತವೆ? ಉತ್ತರ ಹೊಳೆದರೆ, ಆ ಹುಡುಗಿ ಏಕೆ ಹೆದರಬೇಕಿರಲಿಲ್ಲ ಎಂಬುದನ್ನು ಮನೆಯವರಿಗೆ ನೀವೇ ವಿವರಿಸಿ ಹೇಳಿ.